ಹಳೆಯ ಫಂಡಸ್ ಕ್ಯಾಮೆರಾದಿಂದ ಅಗಲವಾದ ರೆಟಿನಾ ಚಿತ್ರ: ನನ್ನ ಅನುಭವ

ಕಣ್ಣಿನ ಒಳಪರದೆಯಾದ ರೆಟಿನಾವನ್ನು ಒಂದು ಸಲಕ್ಕೆ 45 ಡಿಗ್ರಿಯಷ್ಟೇ ಹಿಡಿಯುವ ಹಳೆಯ ಫಂಡಸ್ ಕ್ಯಾಮೆರಾದಲ್ಲಿ ತೆಗೆದ ಒಂಬತ್ತು ಫೋಟೊಗಳನ್ನು ಜೋಡಿಸಿ, ರಕ್ತನಾಳ ಎಲ್ಲಿಯೂ ಮುರಿಯದ ಒಂದೇ ಚಿತ್ರವನ್ನು ಐದಾರು ನಿಮಿಷದಲ್ಲಿ ಡಾಕ್ಟರ ಪರದೆಗೆ ಕಳಿಸುತ್ತಿದ್ದೇನೆ. ಇದು ಆಗುವ ಕೆಲಸವಲ್ಲ ಎಂದವರೇ ಈಗ ಹಳೆಯ ರೋಗಿಗಳ ಫೈಲು ಹಿಡಿದು ಬರುತ್ತಿದ್ದಾರೆ. ಒಂದೇ ಫ್ಲ್ಯಾಷ್‌ಗೆ 200 ಡಿಗ್ರಿ ಹಿಡಿಯುವ ಕ್ಯಾಮೆರಾಕ್ಕೆ ನಮಗೆ ಬಂದ ಕೊಟೇಶನ್ ಅರ್ಧ ಕೋಟಿಯ ಹತ್ತಿರವಿತ್ತು. ಸಣ್ಣ ಊರಿನ ಕಣ್ಣಾಸ್ಪತ್ರೆಗೆ ಅದು ಎಟುಕುವುದಿಲ್ಲ. ನನಗೆ ಖರ್ಚಾದದ್ದು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಹದಿನೆಂಟು ಸಾವಿರ, ಮೆಮೊರಿಗೆ ಏಳೆಂಟು ಸಾವಿರ. ಎರಡು ಚಿತ್ರಗಳಲ್ಲಿ ಹೊಂದುವ ಗುರುತುಗಳನ್ನು ಹುಡುಕುವ ಸಿಫ್ಟ್ ವಿಧಾನದ ಪೇಟೆಂಟ್ 2020ರಲ್ಲಿ ಮುಗಿದು ಅದು ಓಪನ್‌ಸಿವಿ ಎಂಬ ಉಚಿತ ಚಿತ್ರ ಸಂಸ್ಕರಣಾ ತಂತ್ರಾಂಶದ ಮುಖ್ಯ ಭಾಗಕ್ಕೇ ಸೇರಿದ್ದರಿಂದ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಬೇಕಾಗಲಿಲ್ಲ.

ಮೊದಲ ಕೆಲವು ತಿಂಗಳು ಕಾಡಿದ್ದು ಧೂಳು. ಲೆನ್ಸಿನ ಮೇಲಿನ ಎರಡು ಮೂರು ಚುಕ್ಕೆಗಳು ಮತ್ತು ಚಿತ್ರದ ಸುತ್ತಲಿನ ಕಪ್ಪು ವೃತ್ತದ ಅಂಚು ಎಲ್ಲ ಫೋಟೊಗಳಲ್ಲೂ ಒಂದೇ ಜಾಗದಲ್ಲಿರುತ್ತವೆ. ಕಣ್ಣು ಮೇಲೆ ನೋಡಿದರೂ ಪಕ್ಕಕ್ಕೆ ಹೊರಳಿದರೂ ಅವು ಕದಲುವುದಿಲ್ಲ. ಸಿಫ್ಟ್ ಅವುಗಳನ್ನೇ ಹಿಡಿದುಕೊಂಡು, ತಪ್ಪು ಹೊಂದಿಕೆಗಳನ್ನು ಸೋಸಬೇಕಾದ ರ‍್ಯಾನ್ಸ್ಯಾಕ್ ಅದಕ್ಕೆ ತಲೆಯಾಡಿಸಿ, ಎರಡು ಫೋಟೊಗಳನ್ನು ಒಂದರ ಮೇಲೊಂದು ನೇರವಾಗಿ ಕೂರಿಸಿಬಿಡುತ್ತಿತ್ತು. ವೃತ್ತದ ಅಂಚನ್ನು ಮಾಸ್ಕ್ ಮಾಡಿದೆ, ಅಂದರೆ ಲೆಕ್ಕಕ್ಕೆ ಬಾರದಂತೆ ಮುಚ್ಚಿದೆ. ಧೂಳಿಗೆ ಮದ್ದು ಸಿಕ್ಕಿದ್ದು ಆ ಕ್ಯಾಮೆರಾದ್ದೇ ಹಳೆಯ ಚಿತ್ರಗಳಲ್ಲಿ. ಬೇರೆ ಬೇರೆ ಕಣ್ಣುಗಳ ಸುಮಾರು ನೂರು ಚಿತ್ರಗಳಿಂದ ಪ್ರತಿ ಪಿಕ್ಸೆಲ್ಲಿನ ಮೀಡಿಯನ್ (ನಡುವಿನ ಬೆಲೆ) ತೆಗೆದರೆ ನಾಳಗಳೆಲ್ಲ ಅಳಿಸಿಹೋಗಿ ಧೂಳು ಮತ್ತು ಬೆಳಕಿನ ಏರುಪೇರು ಮಾತ್ರ ಉಳಿಯುತ್ತದೆ. ಪ್ರತಿ ಫೋಟೊವನ್ನೂ ಅದರಿಂದ ಭಾಗಿಸಿ ಆಮೇಲೆ ನಾಳಗಳು ಎದ್ದು ಕಾಣುವ ಹಸಿರು ಚಾನೆಲ್ಲಿಗೆ ಹೋಗಬೇಕು. ಬಲಗಣ್ಣು, ಎಡಗಣ್ಣುಗಳನ್ನು ಸಮವಾಗಿ ಬೆರೆಸಿ, ಇಲ್ಲದಿದ್ದರೆ ಡಿಸ್ಕಿನ (ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗದ) ಹೊಳಪು ಒಂದು ಬದಿಗೆ ಉಳಿದುಬಿಡುತ್ತದೆ.

ಎರಡನೆಯ ತಡೆ ಜ್ಯಾಮಿತಿಯದು. ಒಂದು ಚಿತ್ರವನ್ನು ಇನ್ನೊಂದಕ್ಕೆ ಹೊಂದಿಸುವ ಹೋಮೋಗ್ರಫಿ ಎಂಬ ಲೆಕ್ಕ ಸಮತಟ್ಟಾದ ಗೋಡೆಗೆ ಸರಿ, 24 ಮಿಲಿಮೀಟರ್ ವ್ಯಾಸದ ಗೋಳದ ಒಳಗೋಡೆಗೆ ಅಲ್ಲ. ಎರಡು ಫೋಟೊ ಚೆನ್ನಾಗಿಯೇ ಕೂಡುತ್ತವೆ, ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅಂಚಿನ ನಾಳಗಳು ಎರಡೆರಡಾಗಿ ಕಾಣುತ್ತವೆ. ಬಾಗನ್ನೂ ಲೆಕ್ಕಕ್ಕೆ ಹಿಡಿಯುವ, 12 ಗುಣಾಂಕಗಳ ಕ್ವಾಡ್ರಾಟಿಕ್ ಮಾದರಿ ಇದಕ್ಕೆಂದೇ ಇದೆ. ಆದರೆ ನೇರವಾಗಿ ಅದಕ್ಕೇ ಕೈಹಾಕಿದರೆ, ಎರಡು ಚಿತ್ರಗಳು ಒಂದರ ಮೇಲೊಂದು ಬರುವ ಭಾಗದಿಂದ ಆಚೆ ಚಿತ್ರ ಅಡ್ಡಾದಿಡ್ಡಿ ಬಾಗುತ್ತದೆ. ಮೊದಲು ಬರೀ ಸರಿಸುವುದು, ಆಮೇಲೆ ಅಫೈನ್ (ತಿರುಗಿಸುವುದು, ಹಿಗ್ಗಿಸುವುದು, ಓರೆ ಮಾಡುವುದು), ಕೊನೆಗೆ ಕ್ವಾಡ್ರಾಟಿಕ್. ಎಲ್ಲ ಫೋಟೊಗಳ ಗುಣಾಂಕಗಳನ್ನೂ ಕೊನೆಯಲ್ಲಿ ಒಟ್ಟಿಗೇ ಬಿಡಿಸಬೇಕು. ನಾಳದ ಕವಲುಗಳಿಗೆ ಹೆಚ್ಚು ತೂಕ ಕೊಡುತ್ತೇನೆ. ಎಷ್ಟು, ಯಾವ ಹಂತದಲ್ಲಿ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಬಹಳ ರಾತ್ರಿಗಳು ಹೋಗಿವೆ. 134 ಜೋಡಿ ರೆಟಿನಾ ಚಿತ್ರಗಳಿರುವ ಫೈರ್ ಎಂಬ ಸಾರ್ವಜನಿಕ ಸಂಗ್ರಹದ ಮೇಲೂ ಪರೀಕ್ಷಿಸಿದೆ. ಒಂದರ ಮೇಲೊಂದು ಬರುವ ಭಾಗ ಕಡಿಮೆಯಿರುವ ಜೋಡಿಗಳಲ್ಲೂ ಮುಕ್ಕಾಲು ಪಾಲು ಕೂಡಿದವು.

ಬ್ಲೆಂಡಿಂಗ್, ಅಂದರೆ ಜೋಡಿಸಿದ ಫೋಟೊಗಳನ್ನು ಬೆರೆಸುವ ವಿಚಾರದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಸರಾಸರಿ ತೆಗೆಯಲೇಬಾರದು. ನಮ್ಮ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ ನಾಲ್ಕೈದು ಮೈಕ್ರಾನ್. ಮೂವತ್ತು ಮೈಕ್ರಾನಿನ ಮೈಕ್ರೋಅನ್ಯೂರಿಸಂ (ಸಣ್ಣ ರಕ್ತನಾಳದ ಉಬ್ಬು) ಆರೇಳು ಪಿಕ್ಸೆಲ್ ಅಗಲವಿರುತ್ತದೆ. ಜೋಡಣೆ ಮೂರು ಪಿಕ್ಸೆಲ್ ತಪ್ಪಿದ ಕಡೆ ಸರಾಸರಿ ತೆಗೆದರೆ ಆ ಕೆಂಪು ಚುಕ್ಕೆ ಮಾಸಿದ ಕಲೆಯಾಗುತ್ತದೆ, ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲಿ ನಾವು ಹುಡುಕುವುದೇ ಅದನ್ನು. ಹಾಗಾಗಿ ಪ್ರತಿ ಜಾಗಕ್ಕೂ ಅತ್ಯಂತ ಸ್ಪಷ್ಟವಾದ ಒಂದೇ ಫೋಟೊ. ನಾಳವಿಲ್ಲದ ಕಡೆಯಲ್ಲಿ ಹೊಲಿಗೆಯ ಗೆರೆ ಹಾಯಿಸಿ, ಬೆಳಕಿನ ನಿಧಾನ ಬದಲಾವಣೆಯನ್ನಷ್ಟೇ ಬೆರೆಸುತ್ತೇನೆ. ಬರ್ಟ್ ಮತ್ತು ಅಡೆಲ್ಸನ್ 1983ರಲ್ಲಿ ಕೊಟ್ಟ, ಚಿತ್ರವನ್ನು ಒರಟು-ನವಿರು ಪದರಗಳಾಗಿ ಬಿಡಿಸಿ ಬೆರೆಸುವ ಪಿರಮಿಡ್ ವಿಧಾನ ಇದಕ್ಕೆ ಇಂದಿಗೂ ಸಾಕು.

ನಡುವೆ ಮೊಬೈಲ್ ಮತ್ತು 20 ಡಯಾಪ್ಟರ್ ಲೆನ್ಸ್ ಹಿಡಿದು ವಿಡಿಯೊ ತೆಗೆದು, ಅದರ ಫ್ರೇಮುಗಳನ್ನು ಜೋಡಿಸಲು ಹೋದೆ. ಲೆನ್ಸಿನ ಪ್ರತಿಫಲನ ಫ್ರೇಮಿನಿಂದ ಫ್ರೇಮಿಗೆ ಓಡಾಡುತ್ತದೆ, ಅದನ್ನು ಮಾಸ್ಕ್ ಮಾಡಿದರೆ ಉಳಿಯುವುದು ಅರ್ಧ ಚಿತ್ರ. ಆದರೂ ಕ್ಯಾಮೆರಾದ ಮುಂದೆ ಕೂರಲಾಗದ ಮುದುಕರೊಬ್ಬರ ಕಣ್ಣು ಮ್ಯಾಕ್ಯುಲಾದಿಂದ (ರೆಟಿನಾದ ನಡುಭಾಗದಿಂದ) ಡಿಸ್ಕಿನ ಆಚೆಯವರೆಗೆ ಸ್ವಚ್ಛವಾಗಿ ಬಂತು, ಅದನ್ನು ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಸೂಪರ್‌ಪಾಯಿಂಟ್‌ನಂಥ ಗುರುತು ಹುಡುಕುವುದನ್ನು ತಾವೇ ಕಲಿತ ಎಐ ಮಾದರಿಗಳನ್ನು ಬಾಡಿಗೆ ಜಿಪಿಯುನಲ್ಲಿ (ಗ್ರಾಫಿಕ್ಸ್ ಕಾರ್ಡಿನಲ್ಲಿ) ಓಡಿಸಿ ನಾಲ್ಕೈದು ಸಾವಿರ ಕೈಬಿಟ್ಟಿತು. ಪೊರೆ ಬಂದ ಕಣ್ಣಿನ ಮಸುಕು ಫೋಟೊಗಳಲ್ಲಿ ನನ್ನ ವಿಧಾನಕ್ಕಿಂತ ಮೇಲೇನೂ ಬರಲಿಲ್ಲ.

ಫೋಟೊ ತೆಗೆಯುವವರಿಗೆ ಒಂದೇ ಮಾತು: ಟ್ರೋಪಿಕಮೈಡ್ ಹನಿ ಹಾಕಿ ಪಾಪೆ ಪೂರ್ತಿ ಅರಳುವ ತನಕ ಕಾಯಿರಿ, ಅಕ್ಕಪಕ್ಕದ ಫೋಟೊಗಳಲ್ಲಿ ಮೂರನೇ ಒಂದು ಭಾಗವಾದರೂ ಸಮಾನವಾಗಿರಲಿ. ಫೈಲನ್ನು ಜೆಪೆಗ್‌ನಲ್ಲಿ ಕುಗ್ಗಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಾನು ಮುಟ್ಟುವುದಿಲ್ಲ.