ದೀಪಾವಳಿಗೆ ಬಳ್ಳಾರಿಯಲ್ಲಿ ಬರೀ ಹಳದಿ

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ 7ಕ್ಕೆ ಫೋನ್ ಹಿಡಿದು ಹೊರಡಿ. ಅವತ್ತು ಒಂದೇ ಬಣ್ಣದ ಫೋಟೋ ತೆಗೆಯುವುದು. ನನ್ನದು ಹಳದಿ. ಹಬ್ಬದಲ್ಲಿ ಅದನ್ನು ಹುಡುಕಬೇಕಾಗಿಲ್ಲ, ಅದೇ ಕಾಲಿಗೆ ತೊಡರುತ್ತದೆ.

ಮೊದಲು ಬೆಂಗಳೂರು ರಸ್ತೆ. ಚೆಂಡುಹೂವಿನ ರಾಶಿ ಸುಲಭ ಅನಿಸುತ್ತದೆ, ಮೋಸ ಮಾಡುವುದೂ ಅದೇ. ಬಿಸಿಲು ಬಿದ್ದರೆ ಎಸಳಿನ ಗೆರೆಗಳೆಲ್ಲ ಅಳಿಸಿ ಬರೀ ಬಣ್ಣದ ಮುದ್ದೆಯಾಗುತ್ತದೆ. ಮೊದಲ ವರ್ಷ ನನ್ನ 40 ಫೋಟೋ ಹೀಗೇ ಹಾಳಾದವು. ಪರದೆಯ ಮೇಲೆ ಹೂವನ್ನು ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕ್ಯಾಮೆರಾ ಇದ್ದರೆ ಎಕ್ಸ್‌ಪೋಶರ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವ ಸೆಟ್ಟಿಂಗ್) ಮೈನಸ್ 0.7. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋ ಬೇಡ. ಹಳದಿ ಜಾಸ್ತಿ ಕಂಡರೆ ಅದು ತಿದ್ದಲು ಹೋಗಿ ಸಪ್ಪೆ ಮಾಡುತ್ತದೆ. ಡೇಲೈಟ್‌ಗೆ ಇಡಿ.

ಹೂ ಕಟ್ಟುವವರ ಕೈಯ ಫೋಟೋ ತೆಗೆಯುವ ಮುಂಚೆ ಕೇಳಿ. "ಬರೇ ಫೋಟೋನಾ, ಹೂವೂ ತಗೊಂತಿಯೇನಪ್ಪ?" ಅಂದರು ಒಬ್ಬ ಅಜ್ಜಿ. ಎರಡು ಮೊಳ ಕೊಂಡೆ. ಆಮೇಲೆ ಎಷ್ಟು ಹೊತ್ತು ಕೂತರೂ ಬೈಯಲಿಲ್ಲ.

ಇನ್ನು ಚಿಕ್ಕಪುಟ್ಟ ಹಳದಿ: ಹೊಸ್ತಿಲ ಅರಿಶಿನ, ಲಾರಿಗೆ ಕಟ್ಟಿದ ನಿಂಬೆಹಣ್ಣು, ಕನಕದುರ್ಗಮ್ಮನ ಗುಡಿ ಹತ್ತಿರದ ಹೂಮಾಲೆ. ಕೋಟೆ ಗುಡ್ಡದ ಬಂಡೆಗಳ ಮುಂದೆ ಒಂದು ಹಳದಿ ಸೀರೆ ದಾಟಿದರೆ ಅದೇ ಆ ದಿನದ ಫೋಟೋ. ಅರ್ಧ ಗಂಟೆ ಬೇಕಾದರೂ ಕಾಯಿರಿ.

ರಾತ್ರಿ ಹಣತೆ ಬೆಳಕಲ್ಲಿ ಬಿಳಿ ಗೋಡೆಯೂ ಹಳದಿಯೇ ಅಲ್ವಾ? ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಗೆ ಬಂದು 9 ಫೋಟೋ ಮಾತ್ರ ಉಳಿಸಿ, ಮೂರು ಸಾಲಾಗಿ ಜೋಡಿಸಿ. ಕೇಸರಿಗೆ ತಿರುಗಿದ ಹೂವಿದ್ದರೆ ತೆಗೆದುಹಾಕಿ.