ನೆನಪು ಬರೆಯುವವರ ದಿನಚರಿ: ಟ್ರಂಕಿನಿಂದ ಕರಡಿನವರೆಗೆ

ಆತ್ಮಕಥನ ಬರೆಯಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಮೊದಲ ಪುಟದಲ್ಲೇ. 'ನಾನು ಹುಟ್ಟಿದ್ದು ಇಂಥ ಊರಿನಲ್ಲಿ, ಇಂಥ ಇಸವಿಯಲ್ಲಿ' ಎಂದು ಶುರುಮಾಡಿ, ಮುತ್ತಜ್ಜನ ವಂಶಾವಳಿಗೆ ಹೊರಳಿ, ಎಂಟು ಹತ್ತು ಪುಟ ಆಗುವಷ್ಟರಲ್ಲಿ ಪೆನ್ನು ಕೆಳಗಿಡುತ್ತಾರೆ. ತಾನು ಹುಟ್ಟಿದ ದಿನ ಯಾರಿಗೂ ನೆನಪಿರುವುದಿಲ್ಲ. ನೆನಪೇ ಇಲ್ಲದ ಕಡೆಯಿಂದ ನೆನಪಿನ ಬರಹ ಹೊರಟರೆ ಬತ್ತದೆ ಇನ್ನೇನಾದೀತು?

ಕೈ, ಮೂಗು, ನಾಲಿಗೆ ಹಿಡಿದಿಟ್ಟುಕೊಂಡ ನೆನಪು ಗಟ್ಟಿ. ಇಸವಿ, ತಾರೀಕು, ಯಾವುದು ಮೊದಲು ಯಾವುದು ಆಮೇಲೆ ಎಂಬುದು ತೀರ ಸಡಿಲ. ಹಾಗಾಗಿ ಕೆಲಸದ ಕ್ರಮ ಹೀಗಿರಲಿ: ಮೊದಲು ವಸ್ತು ಮತ್ತು ಜಾಗದ ಮೂಲಕ ನೆನಪನ್ನು ಎಬ್ಬಿಸುವುದು, ನಂತರ ಕಾಗದಪತ್ರ ನೋಡಿ ಅದರ ಕಾಲ ಗೊತ್ತುಮಾಡುವುದು, ಆಮೇಲಷ್ಟೇ ಬರೆಯುವುದು.

ಮೊದಲು ಮನೆಯ ನಕ್ಷೆ

ಒಂದು ದೊಡ್ಡ ಹಾಳೆ, ಪೆನ್ಸಿಲ್, ಅರ್ಧ ಗಂಟೆ. ನೀವು ಏಳೆಂಟು ವರ್ಷದವರಿದ್ದಾಗ ಇದ್ದ ಮನೆಯ ನಕ್ಷೆ ಬರೆಯಿರಿ. ಚಿತ್ರ ಚೆಂದ ಬರಬೇಕಿಲ್ಲ. ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲೆಲ್ಲಿದ್ದವು? ಒಲೆ ಯಾವ ದಿಕ್ಕಿಗೆ ಮುಖ ಮಾಡಿತ್ತು? ರಾತ್ರಿ ಯಾರ ಹಾಸಿಗೆ ಎಲ್ಲಿ? ಸ್ವಿಚ್ಚು ಯಾವ ಗೋಡೆಯಲ್ಲಿತ್ತು, ಅಥವಾ ದೀಪ ಯಾವ ಗೂಡಿನಲ್ಲಿತ್ತು? ಮುಗಿದ ಮೇಲೆ ಕಣ್ಣು ಮುಚ್ಚಿ ಬಾಗಿಲಿಂದ ಒಳಗೆ ಹೋಗಿ, ಎಡಗೈ ಗೋಡೆ ಹಿಡಿದು ಮನೆಯನ್ನು ಒಂದು ಸುತ್ತು ಬನ್ನಿ. ಎಲ್ಲಿ ಕಾಲು ನಿಲ್ಲುತ್ತದೋ ಆ ಜಾಗಕ್ಕೆ ಒಂದು ಸಂಖ್ಯೆ ಹಾಕಿ. ಒಂದೇ ಬೈಠಕ್ಕಿನಲ್ಲಿ ಹದಿನೈದು ಇಪ್ಪತ್ತು ಸಂಖ್ಯೆ ಬೀಳುವುದು ಸಾಮಾನ್ಯ. ಪ್ರತಿ ಸಂಖ್ಯೆಯೂ ಒಂದೊಂದು ಬರಹದ ಬೀಜ. ನಕ್ಷೆಯಲ್ಲಿ ಎಷ್ಟು ಯೋಚಿಸಿದರೂ ಖಾಲಿ ಉಳಿಯುವ ಕೋಣೆ ಇದ್ದರೆ ಅದನ್ನೂ ಗುರುತಿಸಿಕೊಳ್ಳಿ. ಮಕ್ಕಳಿಗೆ ಪ್ರವೇಶವಿಲ್ಲದ ಕೋಣೆ, ಮುಟ್ಟಾದವರು ಕೂರುತ್ತಿದ್ದ ಮೂಲೆ, ಹೊರಗಿನವರನ್ನು ನಿಲ್ಲಿಸುತ್ತಿದ್ದ ಗೆರೆ... ಮನೆಯ ಕಟ್ಟುಪಾಡುಗಳೆಲ್ಲ ಅಲ್ಲಿ ಕಾಣಸಿಗುತ್ತವೆ.

ದಿನಕ್ಕೆ ಮುಕ್ಕಾಲು ಗಂಟೆ

ಇಡೀ ಭಾನುವಾರ ಬರೆಯುತ್ತೇನೆ ಎನ್ನುವುದಕ್ಕಿಂತ ದಿನಾ ಮುಕ್ಕಾಲು ಗಂಟೆ ಕೂರುವುದು ಹೆಚ್ಚು ಫಲ ಕೊಡುತ್ತದೆ. ಕಾರಣ ಸರಳ: ಬರೆಯುವ ಹೊತ್ತಿಗಿಂತ ಬರೆಯದ ಹೊತ್ತಿನಲ್ಲೇ ನೆನಪು ಹೆಚ್ಚು ಬರುತ್ತದೆ, ಸ್ನಾನದಲ್ಲಿ, ಬಸ್ಸಿನಲ್ಲಿ, ಸೊಪ್ಪು ಬಿಡಿಸುವಾಗ. ದಿನಾ ಕೂತರೆ ಅದಕ್ಕೆ ದಾರಿ ತೆರೆದಿರುತ್ತದೆ. ವಾರಕ್ಕೊಮ್ಮೆ ಕೂತರೆ ಪ್ರತಿ ಸಲವೂ ಮೊದಲ ಅರ್ಧ ಗಂಟೆ ದಾರಿ ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಎರಡು ಪುಸ್ತಕ ಬೇಕು. ಜೇಬಿನ ಪುಟ್ಟ ಪುಸ್ತಕದಲ್ಲಿ ಬಂದಿದ್ದನ್ನು ಬಂದಲ್ಲೇ ನಾಲ್ಕು ಪದಗಳಲ್ಲಿ ಗುರುತಿಸಿ. 'ಶೀಗೆಕಾಯಿ, ಕಣ್ಣುರಿ, ಅತ್ತೆಯ ಬಳೆ' ಇಷ್ಟೇ ಸಾಕು. ದೊಡ್ಡ ಪುಸ್ತಕದಲ್ಲಿ ಬಲಪುಟಕ್ಕೆ ನೆನಪು, ಎಡಪುಟ ಖಾಲಿ. ಪರಿಶೀಲಿಸಿದ ಸಂಗತಿ, ಅಕ್ಕ ಹೇಳಿದ ಬೇರೆ ಮಾತು, ಅನುಮಾನ ಎಲ್ಲ ಎಡಪುಟಕ್ಕೆ. ನೆನಪನ್ನೂ ತಿದ್ದುಪಡಿಯನ್ನೂ ಒಂದೇ ಪುಟದಲ್ಲಿ ಕಲಸಿದರೆ ಆರು ತಿಂಗಳ ನಂತರ ಯಾವುದು ನಿಮ್ಮದು, ಯಾವುದು ಅಕ್ಕನದು ಎಂದು ನಿಮಗೇ ತಿಳಿಯದು.

ದಿನಕ್ಕೆ 250ರಿಂದ 300 ಪದ ಸಾಕು. ನಿಲ್ಲಿಸುವಾಗ ಪ್ರಸಂಗವನ್ನು ಪೂರ್ತಿ ಮುಗಿಸಬೇಡಿ. ಮುಂದಿನ ವಾಕ್ಯ ಗೊತ್ತಿರುವಾಗಲೇ ಎದ್ದರೆ ನಾಳೆ ಕೂತ ಕೂಡಲೇ ಕೈ ಓಡುತ್ತದೆ. ಸಾವು, ಹಿಂಸೆ, ಅವಮಾನದಂಥ ನೋವಿನ ಭಾಗವನ್ನು ಹಗಲು ಹೊತ್ತಿನಲ್ಲಿ, ಅರ್ಧ ಗಂಟೆ ಮೀರದಂತೆ ಬರೆಯಿರಿ. ಬರೆದ ಮೇಲೆ ಕೈಗೆ ಕೆಲಸ ಇರಲಿ: ಗಿಡಕ್ಕೆ ನೀರು, ಪಾತ್ರೆ, ಒಂದು ನಡಿಗೆ. ಇಂಥ ಅಧ್ಯಾಯವನ್ನು ಮೊದಲ ತಿಂಗಳಲ್ಲಿ ಮುಟ್ಟದಿರುವುದೇ ಒಳ್ಳೆಯದು; ಬರೆಯುವ ರೂಢಿ ಕೂರುವ ಮೊದಲು ಅದಕ್ಕೆ ಕೈಹಾಕಿದವರು ಪುಸ್ತಕವನ್ನೇ ಕೈಬಿಡುವುದುಂಟು.

ಟ್ರಂಕು ತೆಗೆಯುವಾಗ

ಸ್ಫೂರ್ತಿ ಬರಲೆಂದು ಕಾಯಬೇಡಿ, ಅಟ್ಟದಿಂದ ಟ್ರಂಕು ಇಳಿಸಿ. ಹಳೆಯ ರೇಷನ್ ಕಾರ್ಡು, ಲಗ್ನಪತ್ರಿಕೆ, ಮಾರ್ಕ್ಸ್ ಕಾರ್ಡು, ಇನ್‌ಲ್ಯಾಂಡ್ ಲೆಟರ್, ಜಾತಕ, ಅಂಗಡಿ ಲೆಕ್ಕದ ಚೀಟಿ ಇವೇ ಬರಹದ ಮೂಲಧನ. ಒಂದು ದಿನಕ್ಕೆ ಒಂದೇ ವಸ್ತು ಹೊರಗೆ ಬರಲಿ. ಮುಟ್ಟಿ ನೋಡಿ, ಮೂಸಿ ನೋಡಿ, ಐದು ನಿಮಿಷ ಅದರ ಬಗ್ಗೆ ಮಾತ್ರ ಬರೆಯಿರಿ, ಆಮೇಲೆ ಅದು ಕರೆದೊಯ್ದಲ್ಲಿಗೆ ಹೋಗಿ. ಎಲ್ಲವನ್ನೂ ಒಂದೇ ದಿನ ಹರಡಿಕೊಂಡು ಕೂತರೆ ಸಂಜೆಗೆ ಕಣ್ಣೀರು ಉಳಿಯುತ್ತದೆ, ಬರಹ ಉಳಿಯುವುದಿಲ್ಲ.

ಈ ಕಾಗದಗಳನ್ನು ಕಾಪಾಡುವುದೂ ಬರಹಗಾರರ ಕೆಲಸವೇ. ಮಡಿಕೆಯಲ್ಲಿ ಹರಿದ ಪತ್ರಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಒತ್ತು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಹಗುರಾಗಿ ಬರೆಯಿರಿ. ಕಪ್ಪು ಹಾಳೆಯ ಆಲ್ಬಮ್ಮಿಗೆ ಅಂಟಿಸಿದ ಫೋಟೋವನ್ನು ಕೀಳಲು ಹೋಗದೆ ಹಾಳೆಯ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮೊಬೈಲಿನಲ್ಲಿ ತೆಗೆಯುವುದಾದರೆ ಫ್ಲ್ಯಾಶ್ ಬೇಡ, ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಇಟ್ಟು ತೆಗೆಯಿರಿ.

ಇಸವಿ ಗೊತ್ತುಮಾಡುವುದು

ನೆನಪಿನ ಬರಹದ ಅತಿ ರುಚಿಕಟ್ಟಾದ ಕೆಲಸ ಇದೇ. ಮೊದಲು ಒಂದು ಕೋಷ್ಟಕ ಮಾಡಿ: ಇಸವಿ, ನಿಮ್ಮ ವಯಸ್ಸು, ಯಾವ ತರಗತಿ, ಯಾವ ಮನೆ, ಮನೆಯಲ್ಲಿ ಯಾರ‍್ಯಾರಿದ್ದರು. ಗೊತ್ತಿದ್ದಷ್ಟು ತುಂಬಿ. ಉಳಿದದ್ದನ್ನು ಸುಳಿವುಗಳಿಂದ ಹಿಡಿಯಬೇಕು.

ಕಾಗದದ ಮೇಲೆ ತಾರೀಕಿಲ್ಲದಿದ್ದರೂ ಅದು ಬಾಯಿ ಬಿಡುತ್ತದೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಪತ್ರ 1972ರ ಆಗಸ್ಟ್ 15ರ ನಂತರದ್ದು. ಶಾಲೆಯ ಸರ್ಟಿಫಿಕೇಟಿನಲ್ಲಿ 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದರೆ ಆ ನಮೂನೆ 1973ರ ನವೆಂಬರ್ 1ಕ್ಕಿಂತ ಮೊದಲು ಅಚ್ಚಾದದ್ದು. ಆದರೆ ಉಳಿದ ಹಳೇ ನಮೂನೆಗಳನ್ನು ಕಚೇರಿಗಳು ಮುಗಿಯುವವರೆಗೂ ಬಳಸುತ್ತವೆ, ಹಾಗಾಗಿ ಕೈಬರಹದ ತಾರೀಕನ್ನೂ ಹುಡುಕಿ. ಲೆಕ್ಕದ ಚೀಟಿಯಲ್ಲಿ ರೂಪಾಯಿ, ಆಣೆ, ಕಾಸು ಎಂದು ಮೂರು ಕಾಲಂ ಇದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ರ ಆಸುಪಾಸಿನ ಅಥವಾ ಅದಕ್ಕೂ ಹಿಂದಿನದು. 'ನಯಾಪೈಸೆ' ಎಂಬ ಹೆಸರು ನಾಣ್ಯದ ಮೇಲೆ ಇದ್ದದ್ದು 1957ರಿಂದ 1964ರವರೆಗೆ ಮಾತ್ರ. ಇಲ್ಲೊಂದು ಎಚ್ಚರ: ಬಾಯಿಮಾತಿನ ಆಣೆಯನ್ನು ನಂಬಬೇಡಿ. ಇಪ್ಪತ್ತೈದು ಪೈಸೆಯನ್ನು 'ನಾಲ್ಕಾಣೆ' ಎಂದೂ ಐವತ್ತು ಪೈಸೆಯನ್ನು 'ಎಂಟಾಣೆ' ಎಂದೂ ಜನ ಮುಂದೆ ದಶಕಗಟ್ಟಲೆ ಕರೆದರು. 'ನಾಲ್ಕಾಣೆಗೆ ದೋಸೆ' ಎಂಬ ನೆನಪು 1950ರದ್ದೂ ಆಗಬಹುದು, 1970ರದ್ದೂ ಆಗಬಹುದು.

ಹಿರಿಯರು ಸಂವತ್ಸರದಲ್ಲಿ ಹೇಳಿದರೆ ಲೆಕ್ಕ ಸುಲಭ. ಪ್ರಭವ ಸಂವತ್ಸರ 1927ರ ಯುಗಾದಿಗೆ ಶುರುವಾಯಿತು, ಅರವತ್ತು ವರ್ಷ ಕಳೆದು ಮತ್ತೆ 1987ರಲ್ಲಿ ಬಂತು. ಪಂಚಾಂಗದಲ್ಲಿ ಸಂವತ್ಸರದ ಕ್ರಮಸಂಖ್ಯೆ ನೋಡಿ, ಒಂದು ಕಳೆದು, 1927ಕ್ಕೆ ಕೂಡಿಸಿ. ಜಯ 28ನೆಯದು, ಅಂದರೆ 1954. ಇಲ್ಲಿ ಜನ ಎಡವುವುದು ಒಂದೇ ಕಡೆ: ಸಂವತ್ಸರ ಯುಗಾದಿಯಿಂದ ಯುಗಾದಿಗೆ, ಜನವರಿಯಿಂದಲ್ಲ. ಜಯ ಸಂವತ್ಸರದ ಮಾಘ ಮಾಸದಲ್ಲಿ ಹುಟ್ಟಿದವರ ಇಸವಿ 1955.

ಊರಿಗೆ ಊರೇ ನೆನಪಿಟ್ಟುಕೊಂಡ ದಿನಗಳೂ ಗೂಟದಂತೆ ನೆರವಾಗುತ್ತವೆ. 1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನದ ಸೂರ್ಯಗ್ರಹಣ ಉತ್ತರ ಕರ್ನಾಟಕದ ಕೆಲವೆಡೆ ಖಗ್ರಾಸವಾಗಿತ್ತು; ಅಂದು ಮನೆಯಲ್ಲಿ ಯಾರಿದ್ದರು, ಯಾರು ಬಸುರಿ, ಮಗು ಎಷ್ಟು ದೊಡ್ಡದು ಎಂದು ಕೇಳಿದರೆ ಸುತ್ತಲಿನ ಹತ್ತು ಸಂಗತಿಗೆ ಕಾಲ ಸಿಗುತ್ತದೆ. ತುರ್ತುಪರಿಸ್ಥಿತಿ (1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ), ಇಂದಿರಾ ಗಾಂಧಿ ಹತ್ಯೆಯಾದ 1984ರ ಅಕ್ಟೋಬರ್ 31 ಕೂಡ ಹಾಗೆಯೇ. ಗೇಣಿ ಮಾಡುತ್ತಿದ್ದ ಕುಟುಂಬಗಳಿಗೆ ದೊಡ್ಡ ಗೂಟವೆಂದರೆ 1974ರ ಮಾರ್ಚ್ 1ಕ್ಕೆ ಜಾರಿಯಾದ ಭೂಸುಧಾರಣಾ ತಿದ್ದುಪಡಿ. ಗೇಣಿ ಜಮೀನಿನ ಹಕ್ಕು ಕೋರಿ ಕೊಟ್ಟ ಅರ್ಜಿ ಫಾರಂ ನಂಬರ್ 7, ಅದರ ಮೇಲೆ ಭೂನ್ಯಾಯಮಂಡಳಿ ಕೊಟ್ಟ ಆದೇಶ ಮನೆಯಲ್ಲಿ ಸಿಕ್ಕರೆ ಬಿಡಬೇಡಿ. ಜಮೀನಿನ ಕಥೆಗೆ ಪಹಣಿಯೂ ಬೇಕು. ಗಣಕೀಕರಣಕ್ಕೆ ಮೊದಲಿನ ಕೈಬರಹದ ಪಹಣಿಯ ನಕಲನ್ನು ಸರ್ವೆ ನಂಬರ್ ಕೊಟ್ಟು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕು.

ಶಾಲೆಯ ದಾಖಲೆಯ ಹುಟ್ಟಿದ ತಾರೀಕನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಬೇಡಿ. ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು ಎಷ್ಟೋ ಇವೆ. ಜಾತಕವಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡನ್ನೂ ಪುಸ್ತಕದಲ್ಲಿ ಹೇಳಿ.

ಹಿರಿಯರನ್ನು ಕೇಳುವ ಬಗೆ

'ಅಜ್ಜಿ, ಆ ಕಾಲದ ಬಗ್ಗೆ ಹೇಳಿ' ಎಂದರೆ 'ಏನಿದೆ ಮಗಾ ಹೇಳೋಕೆ, ಬರೀ ಕಷ್ಟ' ಎನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. 'ನೀರು ಎಲ್ಲಿಂದ ತರ್ತಿದ್ರಿ? ಎಷ್ಟು ಕೊಡ? ಸಿಂಬಿ ಯಾವ ಬಟ್ಟೇದು?' ಎಂದು ಕೇಳಿ. ಕೈಗೆ ಸಂಬಂಧಿಸಿದ ಪ್ರಶ್ನೆ ಬಾಯಿ ತೆರೆಸುತ್ತದೆ. ಅಕ್ಕಿ ಆರಿಸುವಾಗಲೋ ಹೂ ಕಟ್ಟುವಾಗಲೋ ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು; ಮುಖ ಮುಖ ನೋಡಿಕೊಂಡು ಸಂದರ್ಶನಕ್ಕೆ ಕೂತಾಗ ಬಾರದ ಮಾತು ಆಗ ತಾನಾಗಿ ಬರುತ್ತದೆ.

ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಅವರ ಬಾಯಿಂದ ಎರಡು ಅಡಿಯೊಳಗೆ ಇಡಿ. ಫ್ಯಾನ್ ಆರಿಸಿ, ಕುಕ್ಕರ್ ಇಟ್ಟಿರುವ ಹೊತ್ತು ಬೇಡ. ನಲವತ್ತು ನಿಮಿಷಕ್ಕೆ ನಿಲ್ಲಿಸಿ. ಫೈಲಿನ ಹೆಸರು ಇಸವಿ, ತಿಂಗಳು, ದಿನ, ಹೇಳಿದವರು ಎಂಬ ಕ್ರಮದಲ್ಲಿದ್ದರೆ ತಾನೇ ಸಾಲಾಗಿ ನಿಲ್ಲುತ್ತದೆ. ಎರಡು ದಿನದೊಳಗೆ ಬರೆದಿಳಿಸಿ. ಒಂದು ಗಂಟೆಯ ಮಾತಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಬಾಯಿಮಾತನ್ನು ಟೈಪ್ ಮಾಡಿಕೊಡುವ ಆ್ಯಪ್‌ಗಳು ಊರಮಾತಿನ ಪದ ಬಂದಾಗ ಸುಮ್ಮನೆ ಗ್ರಾಂಥಿಕ ಪದವೊಂದನ್ನು ತುರುಕುತ್ತವೆ, ಆದ್ದರಿಂದ ಕಿವಿಗೊಟ್ಟು ತಿದ್ದಲೇಬೇಕು. 'ಹೋಗಿದ್ವಿ', 'ಹೋಗಿದ್ದೊ', 'ಹ್ವಾದ್ವಿ' ಇದರಲ್ಲಿ ಯಾವುದು ಅವರದೋ ಅದೇ ಉಳಿಯಲಿ. ಪುಸ್ತಕಕ್ಕೆ ಜೀವ ಬರುವುದು ಅಲ್ಲಿಂದಲೇ.

ಬರೆಯುವಾಗ ಕೆಡುವುದು ಎಲ್ಲಿ

ಮೊದಲ ಕೇಡು, ತೀರ್ಪು ಮೊದಲೇ ಬಂದುಬಿಡುವುದು. 'ಮನೆಯಲ್ಲಿ ಬಡತನವಿತ್ತು, ಅಮ್ಮ ತುಂಬ ಕಷ್ಟಪಟ್ಟಳು' ಎಂದರೆ ಓದುಗರಿಗೆ ಏನೂ ಕಾಣದು. ಬದಲಿಗೆ ಹೀಗೆ ಬರೆದು ನೋಡಿ: 'ತಿಂಗಳ ಇಪ್ಪತ್ತು ಕಳೆದರೆ ಅಮ್ಮ ಲಾಂದ್ರದ ಬತ್ತಿ ಇಳಿಸುತ್ತಿದ್ದಳು. ಐದು ಮಕ್ಕಳು ಸುತ್ತ ಮಂಡಿ ತಾಗಿಸಿ ಕೂರುತ್ತಿದ್ದೆವು. ಅಂಚಿನವನ ಪುಸ್ತಕಕ್ಕೆ ಬೆಳಕು ಸಾಲುತ್ತಿರಲಿಲ್ಲ, ಅದಕ್ಕೆ ದಿನಾ ಜಾಗ ಬದಲು.' ಬಡತನ ಎಂಬ ಪದವೇ ಇಲ್ಲಿ ಬೇಕಾಗಲಿಲ್ಲ.

ಎರಡನೆಯದು, ಮಗುವಿನ ತಲೆಯಲ್ಲಿ ದೊಡ್ಡವರ ಬುದ್ಧಿ. ಅಪ್ಪ ಜಮೀನು ಅಡವಿಟ್ಟಿದ್ದು ಆರು ವರ್ಷದ ಹುಡುಗಿಗೆ ಗೊತ್ತಿರಲಿಲ್ಲ. ಕೊಡೆ ಹಿಡಿದವರೊಬ್ಬರು ಬಂದಿದ್ದರು, ಅಮ್ಮ ಅವರಿಗೆ ಕಾಫಿ ಕೊಡಲಿಲ್ಲ ಎಂಬುದಷ್ಟೇ ಗೊತ್ತಿತ್ತು. ಅದನ್ನು ಮೊದಲು ಬರೆಯಿರಿ. ಆಮೇಲೆ ತಿಳಿದದ್ದನ್ನು 'ಇದು ತಿಳಿದದ್ದು ಇಪ್ಪತ್ತು ವರ್ಷದ ನಂತರ' ಎಂದು ಬಿಡಿಸಿ ಹೇಳಿ.

ಮನೆಯಲ್ಲಿ ಐವತ್ತು ಸಲ ಹೇಳಿ ನುಣುಪಾದ ಕಥೆಗಳೂ ತೊಂದರೆ ಕೊಡುತ್ತವೆ. ಹೇಳಿ ಹೇಳಿ ಅವುಗಳ ಮೂಲೆಗಳೆಲ್ಲ ಸವೆದಿರುತ್ತವೆ, ನಗು ಎಲ್ಲಿ ಬರಬೇಕೆಂಬುದೂ ನಿಗದಿಯಾಗಿರುತ್ತದೆ. ಅಂಥ ಕಥೆಗೆ ಹಿಂದಿನ ಹತ್ತು ನಿಮಿಷ ಏನಾಗುತ್ತಿತ್ತು, ಮರುದಿನ ಬೆಳಿಗ್ಗೆ ಏನಾಯಿತು ಎಂದು ಬರೆಯಿರಿ. ಹಾಗೆಯೇ, ಫೋಟೋದಲ್ಲಿ ನೋಡಿದ್ದನ್ನು ಕಣ್ಣಾರೆ ಕಂಡ ನೆನಪೆಂದು ನಂಬಿಬಿಡುವುದೂ ಇದೆ. ನೆನಪಿನಲ್ಲಿ ನೀವೇ ನಿಮಗೆ ಹೊರಗಿನಿಂದ ಕಾಣುತ್ತಿದ್ದರೆ ಆಲ್ಬಮ್ ತೆಗೆದು ನೋಡಿ.

ಬೇರೆಯವರ ಬದುಕು

ನಿಮ್ಮ ಕಥೆಯಲ್ಲಿ ಅಣ್ಣನ ವಿಚ್ಛೇದನ, ನೆರೆಮನೆಯವರ ಜಗಳ, ಗೆಳತಿಯ ಕಾಯಿಲೆ ಬಂದೇ ಬರುತ್ತವೆ. ಮೊದಲ ಕರಡಿನಲ್ಲಿ ಎಲ್ಲವನ್ನೂ ಬರೆಯಿರಿ, ಅದು ನಿಮ್ಮ ಕಣ್ಣಿಗೆ ಮಾತ್ರ. ಎರಡನೆಯದರಲ್ಲಿ ಪ್ರತಿ ಪ್ರಸಂಗಕ್ಕೂ ಕೇಳಿಕೊಳ್ಳಿ: ಇದು ನನ್ನ ಕಥೆಗೆ ಬೇಕೇ, ಅಥವಾ ಹಳೇ ಲೆಕ್ಕ ತೀರಿಸುತ್ತಿದ್ದೇನೆಯೇ? ಹೆಸರು ಬದಲಿಸಿದರೆ ಸಾಲದು. ಊರು, ಕೆಲಸ, ನಂಟು ಹಾಗೇ ಇದ್ದರೆ ಊರವರಿಗೆ ಗುರುತು ಸಿಗುತ್ತದೆ. ಬದುಕಿರುವವರಿಗೆ ಅವರ ಭಾಗವನ್ನು ಅಚ್ಚಿಗೆ ಮುನ್ನ ಓದಿ ಹೇಳಿ. ಮಾನನಷ್ಟದ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಬರೆದದ್ದು ಸತ್ಯ ಎಂಬುದಷ್ಟೇ ಅಲ್ಲಿ ರಕ್ಷಣೆಯಲ್ಲ, ಅದನ್ನು ಹೇಳುವುದರಲ್ಲಿ ಸಾರ್ವಜನಿಕ ಹಿತವೂ ಇರಬೇಕು.

ಕರಡು ಮುಗಿದ ಮೇಲೆ

ಎರಡು ವಾರ ಮುಟ್ಟದೆ ಬಿಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ವಾಕ್ಯವನ್ನೆಲ್ಲ ಗುರುತಿಸಿ. ಇಬ್ಬರಿಗೆ ಓದಲು ಕೊಡಿ: ನಿಮ್ಮ ಮನೆಯನ್ನು ಬಲ್ಲವರೊಬ್ಬರು, ಏನೂ ತಿಳಿಯದವರೊಬ್ಬರು. ಮೊದಲಿನವರು ತಪ್ಪು ಹಿಡಿಯುತ್ತಾರೆ, ಎರಡನೆಯವರು ಎಲ್ಲಿ ಬೇಸರವಾಯಿತು ಎಂದು ಹೇಳುತ್ತಾರೆ. ಟೈಪ್ ಮಾಡಿಸುವುದಾದರೆ ಯೂನಿಕೋಡಿನಲ್ಲೇ ಮಾಡಿಸಿ. ಹಳೆಯ ಫಾಂಟಿನಿಂದ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಪುಟಪುಟವೂ ತಿದ್ದಬೇಕಾಗುತ್ತದೆ. ಫೈಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಇಮೇಲಿನಲ್ಲಿ ಇರಲಿ. ಟ್ರಂಕಿನಿಂದ ತೆಗೆದ ಕಾಗದಗಳನ್ನು ಯಾವ ಅಧ್ಯಾಯಕ್ಕೆ ಬಳಸಿದಿರಿ ಎಂದು ಒಂದು ಚೀಟಿ ಬರೆದು ಅವುಗಳ ಜೊತೆಗೇ ಇಟ್ಟು, ಟ್ರಂಕನ್ನು ಅಟ್ಟಕ್ಕೆ ಏರಿಸಬೇಡಿ, ತೇವ ತಾಗದ ಕಪಾಟಿನಲ್ಲಿಡಿ.