ಸ್ಟೆಂಟ್ ಸ್ಟಿಕ್ಕರ್ ಕಳೆದ ಮೇಲೆ ನಾನು ಬಿಲ್ ಮಾಡುವ ರೀತಿ

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಕಂಪನಿ ಪಾಲಿಸಿಯವರು ಬರುತ್ತಾರೆ, ಬಿಪಿಎಲ್ ಕಾರ್ಡಿನವರು ಬರುತ್ತಾರೆ. 2003ರಲ್ಲಿ ಶುರುವಾದ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಹಿಡಿದು ಮಾಜಿ ಸೈನಿಕರೂ ಬರುತ್ತಾರೆ.

ಒಂದು ರಾತ್ರಿ ಆಳಂದ ಕಡೆಯ ನಿವೃತ್ತ ಹವಾಲ್ದಾರರೊಬ್ಬರನ್ನು ಎದೆನೋವು ಅಂತ ಕರೆತಂದರು. ಮಗನ ಕೈಚೀಲದಲ್ಲಿ ತೊಗರಿ ಮಾರಿದ ರೊಕ್ಕ.

"ಅಕ್ಕಾರ, ಪಾಲಿಕ್ಲಿನಿಕ್ ಚೀಟಿ ತಂದಿಲ್ರಿ. ಈಗ ಎಷ್ಟ ಕಟ್ಟಬೇಕ್ರಿ?"

"ಏನೂ ಬ್ಯಾಡಪ್ಪಾ, ಕಾರ್ಡ್ ಕೊಡು ಸಾಕು" ಅಂದೆ.

ತುರ್ತು ಇದ್ದಾಗ ಪಾಲಿಕ್ಲಿನಿಕ್ಕಿನ, ಅಂದರೆ ಇಸಿಎಚ್‌ಎಸ್ ದವಾಖಾನೆಯ, ರೆಫರಲ್ ಚೀಟಿಗೆ ಕಾಯಬೇಕಿಲ್ಲ. ಎಂಪ್ಯಾನಲ್ ಆದ, ಅಂದರೆ ಯೋಜನೆಯ ಪಟ್ಟಿಯಲ್ಲಿರುವ, ಆಸ್ಪತ್ರೆ 48 ಗಂಟೆಯೊಳಗೆ ಇಸಿಎಚ್‌ಎಸ್‌ಗೆ ತಿಳಿಸಿದರೆ ಆಯಿತು. ಅದನ್ನು ಆ ರಾತ್ರಿಯೇ ಮಾಡಿ ಮುಗಿಸಿದೆ.

ಹೃದಯದ ರಕ್ತನಾಳ ಮುಚ್ಚದ ಹಾಗೆ ಎರಡು ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಹಾಕಿದರು. ಹವಾಲ್ದಾರರು ಆರಾಮಾಗಿ ಮನೆಗೆ ಹೋದರು. ಆಮೇಲೆ ಬಿಲ್ಲಿಗೆ ಕ್ವೆರಿ, ಅಂದರೆ ವಿವರ ಕೇಳುವ ಪ್ರಶ್ನೆ, ಬಂತು: ಎರಡನೇ ಸ್ಟೆಂಟಿನ ಸ್ಟಿಕ್ಕರ್ ಎಲ್ಲಿ? ಸ್ಟೆಂಟಿನ ಡಬ್ಬದಲ್ಲಿ ಎರಡು ಬೆರಳಗಲದ ಸ್ಟಿಕ್ಕರ್ ಇರುತ್ತೆ. ಅದರಲ್ಲಿ ಅಳತೆ, ಲಾಟ್ ನಂಬರ್, ಎಕ್ಸ್‌ಪೈರಿ ತಾರೀಖು. ಒಂದು ಫೈಲಿಗೆ ಅಂಟಿತ್ತು, ಇನ್ನೊಂದು ಡಬ್ಬದ ಜೊತೆ ಕಸಕ್ಕೆ ಹೋಗಿತ್ತು. ಆ ಸ್ಟೆಂಟಿನ ಹಣ ಬರಲೇ ಇಲ್ಲ. ತಪ್ಪು ನಮ್ಮದೇ. ಡಿಸ್ಚಾರ್ಜ್ ದಿನ ಫೈಲ್ ಕೈಗೆ ಬರಲಿ ಅಂತ ನಾನು ಕೂತಿದ್ದೆ.

ಈಗ ಹಾಗೆ ಕೂರಲ್ಲ. ರೋಗಿಯನ್ನು ಸ್ಟೆಂಟ್ ಹಾಕುವ ಕೋಣೆಯಾದ ಕ್ಯಾಥ್ ಲ್ಯಾಬಿನಿಂದ ಹೊರಗೆ ತರುವ ಮೊದಲೇ ಸಿಸ್ಟರ್ ಸ್ಟಿಕ್ಕರ್ ಅಂಟಿಸಬೇಕು. ಪಿನ್ ಹೊಡೆಯಬಾರದು, ನಂಬರ್ ಮೇಲೆ ತೂತು ಬೀಳುತ್ತೆ. ನಾನೇ ಹೋಗಿ ಎಣಿಸಿ, ಫೋಟೋ ತೆಗೆದುಕೊಂಡು ಬರುತ್ತೇನೆ.

ಹೆಸರನ್ನೂ ಅಡ್ಮಿಷನ್ ಹೊತ್ತಿಗೇ ನೋಡುತ್ತೇನೆ. ನಮ್ಮ ಕಡೆ ಬಸವರಾಜ ಅನ್ನೋ ಹೆಸರು ಆಧಾರ್‌ನಲ್ಲಿ 'ವಿ' ಇದ್ದರೆ ಪಾಲಿಸಿಯಲ್ಲಿ 'ಡಬ್ಲ್ಯೂ' ಇರುತ್ತೆ. ಇದೂ ಒಂದು ಕ್ವೆರಿಯೇ, ಅಲ್ವಾ? ಮೊದಲ ದಿನವೇ ಇನ್ನೊಂದು ಗುರುತಿನ ಚೀಟಿ ತರಿಸಿ ಇಟ್ಟುಕೊಳ್ಳುತ್ತೇನೆ.

ಕಂಪನಿ ಪಾಲಿಸಿಯವರ ಜೊತೆ ಜಾಸ್ತಿ ಹೊತ್ತು ಮಾತಾಡೋದು ರೂಮಿನ ಬಗ್ಗೆ. ಎಷ್ಟೋ ಪಾಲಿಸಿಗಳಲ್ಲಿ ದಿನದ ಬಾಡಿಗೆಗೆ ಮಿತಿ ಇರುತ್ತೆ. ಮಿತಿ 3,000 ಇದ್ದು 6,000ದ ರೂಮ್ ಹಿಡಿದರೆ ಬಾಡಿಗೆಯಲ್ಲಿ ಅರ್ಧ ಕೈಯಿಂದ ಹೋಗುತ್ತೆ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಚಾರ್ಜಿಗೆ ವಿಮೆಯವರು ಕೊಡುವುದೂ ಅದೇ ಲೆಕ್ಕದಲ್ಲಿ ಅರ್ಧಕ್ಕಿಳಿಯಬಹುದು. ಕಾಗದದ ಮೇಲೆ ಬರೆದು ತೋರಿಸಿದರೆ ಮನೆಯವರೇ "ಸಣ್ಣ ರೂಮೇ ಕೊಡ್ರಿ" ಅಂತಾರೆ.

ರೋಗಿ ಡಿಸ್ಚಾರ್ಜ್ ಆಗುವಾಗ ಬಿಲ್ಲಿಗೆ ಕೊನೆಯ ಒಪ್ಪಿಗೆಯನ್ನು ವಿಮಾ ಕಂಪನಿ 3 ಗಂಟೆಯೊಳಗೆ ಕೊಡಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಆದರೆ ನಾವು ಕಾಗದ ಕಳಿಸಿದ ಮೇಲಲ್ಲವೇ ಆ ಲೆಕ್ಕ? ಡಾಕ್ಟರು ಬರೆಯುವ ಚಿಕಿತ್ಸೆಯ ಸಾರಾಂಶ, ಡಿಸ್ಚಾರ್ಜ್ ಸಮರಿ, ಮಧ್ಯಾಹ್ನ ಸಿಕ್ಕರೆ ಒಪ್ಪಿಗೆ ಬರುವಷ್ಟರಲ್ಲಿ ಸಂಜೆ. ಚಿಂಚೋಳಿ, ಅಫಜಲಪುರದ ಕಡೆ ಹೋಗುವವರು ರೋಗಿಯನ್ನು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ನಿಲ್ಲಬೇಕು. ಅದಕ್ಕೇ ಹಿಂದಿನ ಸಂಜೆಯೇ ಡಾಕ್ಟರ ಬಳಿ ಹೋಗಿ, ಸಮರಿ ಬರೆಸಿಕೊಂಡೇ ಮನೆಗೆ ಹೊರಡುತ್ತೇನೆ.